ಸಿಂಕಿನ ನಲ್ಲಿ ಬದಲಾಯಿಸಬೇಕು, 1500 ರೂಪಾಯಿ ಒಳಗೆ ಯಾವುದು ಬಾಳಿಕೆ ಬರುತ್ತೆ?

ಸಾಲಗಾಮೆ ರಸ್ತೆ:

ಹಾಸನದಲ್ಲಿ ಸ್ವಂತ ಮನೆ, ನೆಲಮಹಡಿ ಅಷ್ಟೇ. ಅಡುಗೆಮನೆ ಸಿಂಕಿನ ಮೇಲೆ ಗೋಡೆಯಲ್ಲಿ ಒಂದೇ ಪಾಯಿಂಟ್ ಇದೆ, ತಣ್ಣೀರಿನದು. ಅದಕ್ಕೆ ಆ ಕಡೆ ಈ ಕಡೆ ತಿರುಗೋ ಉದ್ದ ಮೂತಿಯ ಸಿಂಕ್ ಕಾಕ್ ಹಾಕಿದೆ. ಈಗ ಎಷ್ಟು ಬಿಗಿ ಮಾಡಿದರೂ ತೊಟ್ಟಿಕ್ಕುತ್ತೆ. ನೀರು ಬಿಟ್ಟಾಗ ಮೂತಿ ತಿರುಗೋ ಬುಡದಲ್ಲೂ ಒಸರುತ್ತೆ. ಮೇಲಿನ ಕ್ರೋಮ್ ಅಲ್ಲಲ್ಲಿ ಎದ್ದು ಹಸಿರುಗಟ್ಟಿದೆ.

ನಗರಸಭೆ ನೀರು, ಬೋರ್ ನೀರು ಎರಡೂ ಒಂದೇ ಟ್ಯಾಂಕಿಗೆ ಏರುತ್ತೆ. ಟ್ಯಾಂಕ್ ತಾರಸಿ ಮೇಲೆ ಮೂರಡಿ ಕಟ್ಟೆ ಕಟ್ಟಿ ಕೂರಿಸಿರೋದು. ಸಿಂಕ್ 24×18 ಇಂಚಿನ ಸ್ಟೀಲಿನದು.

ಬಿ.ಎಂ. ರಸ್ತೆ ಅಂಗಡಿಗಳಲ್ಲಿ ತೋರಿಸಿದ್ದು ಇಷ್ಟು. ಪಿಟಿಎಂಟಿ ಪ್ಲಾಸ್ಟಿಕ್ಕಿನದು 280 ರೂಪಾಯಿ. ಹೆಸರೇ ಕೇಳಿರದ ಕಂಪನಿಯ ಫಳಫಳ ಹೊಳೆಯೋದು 550. ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಅಂತ ಹೇಳೋದು 900. ಗೊತ್ತಿರೋ ಕಂಪನಿಯ ಹಿತ್ತಾಳೆಯದು 1350. ಇದಲ್ಲದೆ ಮೂತಿ ಎಳೆದು ಸ್ಪ್ರೇ ಮಾಡೋ ಸಿಂಗಲ್ ಲಿವರ್ ಒಂದು, ರಿಯಾಯಿತಿಯಲ್ಲಿ 1900. ಮನೆಯಲ್ಲಿ ಸ್ಪ್ರೇಯದೇ ಇರಲಿ ಅಂತಿದ್ದಾರೆ, ಬಜೆಟ್ ಸ್ವಲ್ಪ ಮೀರಿದರೂ ಪರವಾಗಿಲ್ಲ. ಯಾವುದು ತಗೊಂಡರೆ ಸರಿ? ಪ್ಲಂಬರ್ ಇಲ್ಲದೆ ನಾವೇ ಹಾಕ್ಕೋಬಹುದಾ?


ಕಟ್ಟಿನಕೆರೆ ಫಿಟ್ಟರ್:

ಸರ್, ಮೊದಲು ಒಂದು ಮಾತು. ನಿಮ್ಮ ನಲ್ಲಿಯಲ್ಲಿ ಇರೋದು ಒಂದು ಸೋರಿಕೆ ಅಲ್ಲ, ಎರಡು. ಎರಡಕ್ಕೂ ಕಾರಣ ಬೇರೆ ಬೇರೆ. ಮುಚ್ಚಿದ ಮೇಲೂ ತೊಟ್ಟಿಕ್ಕೋದು ಹಿಡಿಯ ಕೆಳಗಿರೋ, ನೀರು ಬಿಡೋ ಮುಚ್ಚೋ ಸ್ಪಿಂಡಲ್‌ನಿಂದ. ಅದರ ತುದಿಯ ರಬ್ಬರ್ ವಾಷರ್ ಸವೆದಿರುತ್ತೆ, ಇಲ್ಲ ಸೆರಾಮಿಕ್ ಡಿಸ್ಕ್ ಮೇಲೆ ಮರಳು ಗೀರಿರುತ್ತೆ. ಮೂತಿ ಬುಡದಲ್ಲಿ ಒಸರೋದು ಅಲ್ಲಿರೋ ಓ-ರಿಂಗ್ ಅನ್ನೋ ರಬ್ಬರ್ ಬಳೆಯಿಂದ. ವಾಷರ್ 5ರಿಂದ 10 ರೂಪಾಯಿ, ಓ-ರಿಂಗ್ ಜೊತೆ 20 ರೂಪಾಯಿ ಒಳಗೆ. ಬಾಡಿ ಚೆನ್ನಾಗಿದ್ದಿದ್ದರೆ ಅಷ್ಟರಲ್ಲೇ ಮುಗಿಸಿ ಅಂತಿದ್ದೆ. ಕ್ರೋಮ್ ಎದ್ದು ಹಸಿರುಗಟ್ಟಿದೆ ಅಂದಿರೋದರಿಂದ ಬದಲಾಯಿಸೋದು ಸರಿ. ಆದರೆ ಹೊಸದು ಆರಿಸೋಕೆ ನಾಲ್ಕು ದಿನ ಬೇಕಾದರೆ ಅಲ್ಲಿವರೆಗೆ ವಾಷರ್ ಹಾಕಿ ನಿಲ್ಲಿಸಿ. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ ಲೀಟರ್‌ಗಟ್ಟಲೆ ನೀರು ಹೋಗುತ್ತೆ.

ಈಗ ಸ್ಪ್ರೇ ವಿಷಯ. ನಿಮ್ಮ ಮನೆಗೆ ಅದು ಬೇಡ. ಲೆಕ್ಕ ಹಾಕಿ ನೋಡಿ: ತಾರಸಿ 10 ಅಡಿ, ಕಟ್ಟೆ 3 ಅಡಿ, ಟ್ಯಾಂಕಿನಲ್ಲಿ ನೀರು 2 ಅಡಿ ನಿಂತಿದೆ ಅಂದ್ಕೊಳ್ಳಿ, ಒಟ್ಟು 15. ನಲ್ಲಿ ನೆಲದಿಂದ 4 ಅಡಿ ಮೇಲಿದೆ, ಅದನ್ನ ಕಳೆದರೆ 11 ಅಡಿ, ಅಂದರೆ ಮೂರೂ ಕಾಲು ಮೀಟರ್ ಹತ್ತಿರ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತೆ. ನಿಮಗೆ ಸಿಗೋದು ಅದರಲ್ಲಿ ಮೂರನೇ ಒಂದು ಭಾಗ, 0.3 ಬಾರ್. ಸಿಂಗಲ್ ಲಿವರ್ ಮಿಕ್ಸರ್‌ಗಳಿಗೆ (ಒಂದೇ ಹಿಡಿಯಲ್ಲಿ ಬಿಸಿನೀರು, ತಣ್ಣೀರು ಬೆರೆಸೋ ನಲ್ಲಿ) ಸಾಮಾನ್ಯವಾಗಿ ಕನಿಷ್ಠ 0.5 ಬಾರ್ ಬೇಕು, ಚೆನ್ನಾಗಿ ಬರಬೇಕಾದರೆ 1 ಬಾರ್ ಮೇಲೆ. ಅದರ ಒಳಗೆ ನೀರು ಬಿಡೋ ಮುಚ್ಚೋ ಕಾರ್ಟ್ರಿಡ್ಜ್‌ನ ಕಿಂಡಿ ಸಣ್ಣ, ಕೆಳಗಿನ ಹೆಣೆದ ಪೈಪಿನ ಒಳಗಾತ್ರ ಇನ್ನೂ ಸಣ್ಣ, ಕೊನೆಗೆ ಸ್ಪ್ರೇ ತಲೆಯ ತೂತುಗಳು. ಅಂಗಡಿಯಲ್ಲಿ ಪಂಪ್ ಇಟ್ಟು ತೋರಿಸ್ತಾರೆ, ಅಲ್ಲಿ ಚಿಮ್ಮುತ್ತೆ, ನಿಮ್ಮನೆಯಲ್ಲಿ ಜಿನುಗುತ್ತೆ. ಸರಿಮಾಡೋಕೆ ಪ್ರೆಷರ್ ಪಂಪ್ ಹಾಕಿಸಬೇಕು, ಅದಕ್ಕೆ ನಲ್ಲಿಯ ಎರಡು ಮೂರು ಪಟ್ಟು ಖರ್ಚು. ಅದೂ ಅಲ್ಲದೆ ಅದು ಸ್ಲ್ಯಾಬ್ ಮೇಲೆ ಅಥವಾ ಸಿಂಕಿನ ಅಂಚಿನಲ್ಲಿ 35 ಎಂಎಂ ತೂತು ಕೊರೆದು ನಿಲ್ಲಿಸೋ ನಲ್ಲಿ. ನಿಮಗಿರೋದು ಗೋಡೆ ಪಾಯಿಂಟ್. ಗ್ರಾನೈಟ್ ಕೊರೆಸಿ, ಗೋಡೆ ಪಾಯಿಂಟ್ ಮುಚ್ಚಿ, ಸಿಂಕ್ ಕೆಳಗೆ ಹೊಸ ಲೈನ್ ಎಳೆಸೋವರೆಗೂ ಅದು ಕೂರಲ್ಲ.

ಮನೆಯವರಿಗೆ ಸ್ಪ್ರೇ ಬೇಕೇ ಬೇಕು ಅಂದರೆ ಬೇರೆ ದಾರಿ ಇದೆ. ಮೂತಿ ತುದಿಗೆ ತಿರುಗಿಸಿ ಹಾಕೋ ಬಾಗುವ ಸ್ಪ್ರೇ ತುಂಡು 100ರಿಂದ 200 ರೂಪಾಯಿಗೆ ಸಿಗುತ್ತೆ. ಮೂತಿಯ ಒಳಗಡೆ ಥ್ರೆಡ್ ಇದ್ದರೆ ಸಾಮಾನ್ಯವಾಗಿ 24 ಎಂಎಂ, ಹೊರಗಡೆ ಇದ್ದರೆ 22 ಎಂಎಂ. ಕೊಳ್ಳೋ ನಲ್ಲಿಯ ತುದಿಯ ಜಾಲರಿ ಬಿಚ್ಚೋ ಥರದ್ದಾ ಅಂತ ಅಂಗಡಿಯಲ್ಲೇ ಬಿಚ್ಚಿ ನೋಡಿ. ಕೆಲವಕ್ಕೆ ಜಾಲರಿ ಒತ್ತಿ ಕೂರಿಸಿರ್ತಾರೆ, ಅದನ್ನ ತೊಳೆಯೋಕೂ ಆಗಲ್ಲ, ಬದಲಾಯಿಸೋಕೂ ಆಗಲ್ಲ. ಅಂಥದ್ದು ಬೇಡವೇ ಬೇಡ.

ಇನ್ನು ಉಳಿದ ನಾಲ್ಕರಲ್ಲಿ ಯಾವುದು ಅನ್ನೋದು. 550ರದ್ದನ್ನ ಪಕ್ಕಕ್ಕಿಡಿ. ಆ ಬೆಲೆಗೆ ಆ ಗಾತ್ರದ ಹಿತ್ತಾಳೆ ನಲ್ಲಿ ಕಷ್ಟ. ಬಹಳ ಸಲ ಒಳಗಿರೋದು ಸತುವಿನ ಮಿಶ್ರಲೋಹ, ಮೇಲೆ ಕ್ರೋಮ್. ನೋಡೋಕೆ ಎರಡೂ ಒಂದೇ. ಗೋಡೆಗೆ ಹೋಗೋ ಥ್ರೆಡ್ ಕಡೆಯಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ಹಿತ್ತಾಳೆ ಆದರೆ ಹಳದಿ ಕಾಣುತ್ತೆ, ಸತು ಆದರೆ ಬೂದು ಬಿಳಿ. ಆಯಸ್ಕಾಂತ ಹಿಡಿದು ಪರೀಕ್ಷೆ ಮಾಡ್ತೀವಿ ಅಂತ ಕೆಲವರು ಹೇಳ್ತಾರೆ, ಅದರಿಂದ ಏನೂ ಗೊತ್ತಾಗಲ್ಲ: ಹಿತ್ತಾಳೆಗೂ ಅಂಟಲ್ಲ, ಸತುವಿಗೂ ಅಂಟಲ್ಲ. ಸತುವಿನ ನಲ್ಲಿಯ ನಿಜವಾದ ತೊಂದರೆ ಸೋರೋದಲ್ಲ, ಮುರಿಯೋದು. ಒಳಗಿನಿಂದ ಕೊರೆದು ಹೋಗಿ ಒಂದು ದಿನ ಹಿಡಿ ತಿರುಗಿಸಿದಾಗ ಗೋಡೆ ಬುಡದಲ್ಲೇ ಕಟ್ ಆಗುತ್ತೆ, ಥ್ರೆಡ್ ತುಂಡು ಗೋಡೆಯೊಳಗಿನ ಎಲ್ಬೋ (ಪೈಪಿನ ಬಾಗಿದ ತುಂಡು) ಒಳಗೇ ಉಳಿಯುತ್ತೆ. ಆಮೇಲೆ ಅದನ್ನ ಎಕ್ಸ್‌ಟ್ರಾಕ್ಟರ್ ಹಾಕಿ ತೆಗೆಸೋ ಕೂಲಿ, ಎಲ್ಬೋ ಹೋದರೆ ಟೈಲ್ಸ್ ಒಡೆಸೋ ಖರ್ಚು.

ಎಸ್‌ಎಸ್ 304 ನಿಜವಾಗಿಯೂ 304 ಆದರೆ ಒಳ್ಳೇದು, ಕ್ರೋಮ್ ಏಳೋ ಪ್ರಶ್ನೆಯೇ ಇಲ್ಲ. ಆದರೆ ಅದಕ್ಕಿಂತ ಕಮ್ಮಿ ದರ್ಜೆಯ 202 ಸ್ಟೀಲನ್ನೂ 304 ಅಂತ ಮಾರೋದುಂಟು, ಇದಕ್ಕೂ ಆಯಸ್ಕಾಂತದ ಉತ್ತರ ನಂಬೋಕಾಗಲ್ಲ. ಬಾಡಿ ಮೇಲೆ ಅಚ್ಚು, ಬಿಲ್ಲಿನಲ್ಲಿ 304 ಅಂತ ಬರೆದು ಕೊಡೋ ಅಂಗಡಿ, ಲಿಖಿತ ವಾರಂಟಿ ಮೂರೂ ಇದ್ದರೆ ತಗೊಳ್ಳಿ. ಪಿಟಿಎಂಟಿ ಕೀಳಲ್ಲ, ಬಾಡಿಗೆ ಮನೆಗೆ, ಹಿತ್ತಲಿಗೆ ಒಳ್ಳೆ ಆಯ್ಕೆ. ತುಕ್ಕು ಹಿಡಿಯಲ್ಲ. ಆದರೆ ದಿನಕ್ಕೆ ಐವತ್ತು ಸಲ ತಿರುಗಿಸೋ ಸಿಂಕಿನಲ್ಲಿ ಮೂತಿಯ ಬುಡ ಬೇಗ ಸಡಿಲ ಆಗುತ್ತೆ, ಭಾರದ ಪಾತ್ರೆ ತಾಗಿದರೆ ಥ್ರೆಡ್ ಹತ್ತಿರ ಬಿರುಕು ಬಿಡುತ್ತೆ. ತಗೊಂಡರೆ ಐಎಸ್ 9763 ಅಂತ ಐಎಸ್‌ಐ ಗುರುತಿರೋದು ನೋಡಿ.

ನನ್ನ ಮಾತು ಕೇಳಿದರೆ 1350ರ ಹಿತ್ತಾಳೆಯದು. ಐಎಸ್ 8931 ಅಚ್ಚು ನೋಡ್ಕೊಳ್ಳಿ, ಅದು ಹಿತ್ತಾಳೆ ಥರದ ತಾಮ್ರ ಮಿಶ್ರಲೋಹದ ನಲ್ಲಿಗಳ ಮಾನಕ. ಜಾಕ್ವಾರ್ ಗುಂಪಿನ ಎಸ್ಕೋ, ಸೆರಾ, ಹಿಂಡ್‌ವೇರ್, ಪ್ಯಾರಿವೇರ್ ಇವುಗಳ ಸರಳ ಮಾದರಿ ಈ ಬೆಲೆಯ ಆಸುಪಾಸಿನಲ್ಲಿ ಬರುತ್ತೆ. ಕಂಪನಿಗಿಂತ ಮುಖ್ಯವಾದ ಪ್ರಶ್ನೆ: "ಇದರ ಸ್ಪಿಂಡಲ್ ನಿಮ್ಮ ಹತ್ತಿರ ಈಗ ಇದೆಯಾ, ತೋರಿಸಿ." ಬಾಡಿ ಹದಿನೈದು ವರ್ಷ ಇದ್ದರೂ ಸ್ಪಿಂಡಲ್ ಮಧ್ಯದಲ್ಲಿ ಒಂದೆರಡು ಸಲ ಬದಲಾಯಿಸಲೇಬೇಕು. ಕಂಪನಿಯಿಂದ ಕಂಪನಿಗೆ ಹಲ್ಲಿನ ಲೆಕ್ಕ, ಉದ್ದ ಬೇರೆ ಇರುತ್ತೆ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಹಾಸನದಲ್ಲೇ ಬಿಡಿಭಾಗ ಸಿಗದ ನಲ್ಲಿ ಎಷ್ಟು ಅಗ್ಗವಾದರೂ ಲಾಭ ಇಲ್ಲ. ಆನ್‌ಲೈನ್‌ನಲ್ಲಿ 700ಕ್ಕೆ ಸಿಗೋ ಹೊಸ ಹೊಸ ಹೆಸರುಗಳದ್ದು ಇದೇ ತೊಂದರೆ.


ಕೆ.ಆರ್. ಪುರಂ ಗೃಹಿಣಿ:

ಫಿಟ್ಟರ್ ಅಣ್ಣ ಹೇಳಿದ್ದು ಸರಿ. ಅಳತೆ ಬಗ್ಗೆ ನಾನು ಸೇರಿಸ್ತೀನಿ, ಅಂಗಡಿಯಲ್ಲಿ ಇದನ್ನ ಯಾರೂ ಕೇಳಲ್ಲ.

ಗೋಡೆಯಿಂದ ಸಿಂಕಿನ ಬಟ್ಟಲಿನ ಹಿಂದಿನ ಅಂಚಿಗೆ ಎಷ್ಟು ಇಂಚು ಅಂತ ಟೇಪ್ ಹಿಡೀರಿ. ಹೆಚ್ಚಿನ ಮನೆಗಳಲ್ಲಿ 3ರಿಂದ 4 ಇಂಚು ಇರುತ್ತೆ. ನೀರು ಬೀಳೋ ಜಾಗ ಆ ಅಂಚಿನಿಂದ ಕನಿಷ್ಠ 4 ಇಂಚು ಒಳಗಿರಬೇಕು. ಅಂದರೆ ಗೋಡೆಯಿಂದ ಮೂತಿ ತುದಿಗೆ 8 ಇಂಚಾದರೂ ಬೇಕು, 9 ಆದರೆ ಇನ್ನೂ ಒಳ್ಳೇದು. ಗಿಡ್ಡ ಮೂತಿ ಹಾಕಿದರೆ ಪಾತ್ರೆಯನ್ನ ಹಿಂದಿನ ಗೋಡೆಗೆ ಒತ್ತಿ ಹಿಡಿದು ತೊಳೀಬೇಕು, ನೀರೆಲ್ಲ ಸಿಂಕಿನ ಹಿಂದೆ ನಿಂತು ಅಲ್ಲಿನ ಬಿಳಿ ಸಿಮೆಂಟ್ ಕರಿಯಾಗುತ್ತೆ. ನೀರು ನೇರ ಜಾಲಿ ತೂತಿನ ಮೇಲೇ ಬೀಳಬೇಕು ಅಂತ ಏನಿಲ್ಲ, ಅದಕ್ಕಿಂತ ಸ್ವಲ್ಪ ಹಿಂದೆ ಬಿದ್ದರೆ ಸಿಡಿಯೋದು ಕಮ್ಮಿ.

ಎತ್ತರಕ್ಕೆ ಮನೆಯಲ್ಲಿರೋ ದೊಡ್ಡ ಪಾತ್ರೆಯೇ ಅಳತೆ. ಕುಡಿಯೋ ನೀರಿನ ಬಿಂದಿಗೆಯನ್ನೋ ಹತ್ತು ಲೀಟರ್ ಕುಕ್ಕರನ್ನೋ ಸಿಂಕ್ ಒಳಗೆ ನಿಲ್ಲಿಸಿ, ಅದರ ಬಾಯಿಗೂ ಮೂತಿಗೂ ಎರಡು ಇಂಚು ಸಂದು ಸಿಗುತ್ತಾ ನೋಡಿ. ಗೋಡೆ ಪಾಯಿಂಟ್ ಕೆಳಗಿದ್ದರೆ ಮೇಲಕ್ಕೆ ಬಾಗಿರೋ ಹಂಸದ ಕತ್ತಿನ ಮೂತಿ ತಗೊಳ್ಳಿ. ಪಾಯಿಂಟ್ ಆಗಲೇ ಮೇಲಿದ್ದರೆ ನೇರ ಮೂತಿ ಸಾಕು. ಸುಮ್ಮನೆ ಎತ್ತರ ಮಾಡಿದರೆ ತಟ್ಟೆ ಮೇಲೆ ಬಿದ್ದ ನೀರು ಸೀರೆಗೆ ಸಿಡಿಯುತ್ತೆ.

ಹಿಡಿ ಬಗ್ಗೆ ಒಂದು. ಗುಂಡು ಹಿಡಿ ಬೇಡ, ಉದ್ದ ಲಿವರ್ ಹಿಡಿ ಇರಲಿ. ಮುದ್ದೆ ತಿರುವಿದ ಕೈ, ಎಣ್ಣೆ ಕೈ, ಸೋಪಿನ ಕೈ ಇದ್ದಾಗ ಗುಂಡು ಹಿಡಿ ಜಾರುತ್ತೆ. ಲಿವರ್ ಆದರೆ ಮಣಿಕಟ್ಟಿನಿಂದ ತಳ್ಳಬಹುದು. ಪೂರ್ತಿ ತೆರೆದಾಗ ಲಿವರ್ ಗೋಡೆಗೆ ತಾಗದಂಗೆ ಜಾಗ ಇದೆಯಾ ಅಂತ ಮಾತ್ರ ನೋಡ್ಕೊಳ್ಳಿ.


ಮೂಡಿಗೆರೆ ತೋಟದ ಲೈನ್:

ಹಾಸನದ ಟ್ಯಾಂಕ್ ನೀರಿಗೆ ಮೇಲೆ ಹೇಳಿದ್ದೆಲ್ಲ ಸರಿ. ನಮ್ಮ ಕಡೆ ಮೂಡಿಗೆರೆ, ಸಕಲೇಶಪುರ, ಆಲ್ದೂರು ಭಾಗದವರು ಇದನ್ನ ಓದಿ ಹಾಗೇ ಮಾಡಬೇಡಿ ಅಂತ ಬರೀತಿದ್ದೀನಿ. ಗುಡ್ಡದ ಮೇಲಿನ ಹಳ್ಳದಿಂದ, ಒರತೆಯಿಂದ ಪೈಪ್ ಹಾಕಿ ಇಳಿಸಿದ ನೀರಿಗೆ ಲೆಕ್ಕವೇ ಉಲ್ಟಾ. 100 ಅಡಿ ಇಳಿಜಾರಿದ್ದರೆ ಅಡುಗೆಮನೆಯಲ್ಲಿ 3 ಬಾರ್ ಇರುತ್ತೆ. ಒತ್ತಡಕ್ಕೆ ಕೊರತೆಯಿಲ್ಲ, ತೊಂದರೆ ಬೇರೆ ಎರಡು.

ಒಂದನೇದು ಮಣ್ಣು, ಮರಳು. ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ಲೈನಿನಲ್ಲಿ ಕೆಂಪು ನೀರು, ಅದರ ಜೊತೆ ಸಣ್ಣ ಮರಳು. ಕಾಲು ಸುತ್ತಿನ ನಲ್ಲಿ ಒಳಗಿರೋದು ಒಂದರ ಮೇಲೊಂದು ಜಾರೋ ಎರಡು ಸೆರಾಮಿಕ್ ಬಿಲ್ಲೆ. ನುಣುಪಾಗಿ ಅಂಟಿಕೊಂಡಿರೋದೇ ಅವುಗಳ ಶಕ್ತಿ. ಮಧ್ಯೆ ಒಂದು ಮರಳಿನ ಕಾಳು ಸಿಕ್ಕಿ ತಿರುಗಿಸಿದರೆ ಗೀರು ಬೀಳುತ್ತೆ, ಆ ಗೀರಿನಲ್ಲೇ ನೀರು ಹರಿಯುತ್ತೆ. ಅದಕ್ಕೆ ರಿಪೇರಿ ಇಲ್ಲ, ಸ್ಪಿಂಡಲ್ಲೇ ಬದಲಾಯಿಸಬೇಕು, 150ರಿಂದ 350 ರೂಪಾಯಿ. ಹಳೇ ಥರದ, ಎರಡು ಮೂರು ಸುತ್ತು ತಿರುಗಿಸೋ ರಬ್ಬರ್ ವಾಷರ್ ನಲ್ಲಿಯಾದರೆ ಮರಳು ರಬ್ಬರಿಗೆ ಒತ್ತಿಕೊಂಡು ಹೋಗುತ್ತೆ, ಸವೆದರೆ ಹತ್ತು ರೂಪಾಯಿ ವಾಷರ್. ಇಂಥ ಲೈನಿಗೆ ನನ್ನ ಮತ ವಾಷರ್ ನಲ್ಲಿಗೇ. ಸೆರಾಮಿಕ್ಕೇ ಬೇಕಾದರೆ ಮನೆಯೊಳಗೆ ಬರೋ ಲೈನಿಗೆ ವೈ-ಸ್ಟ್ರೈನರ್ (ಕಸ ತಡೆಯೋ ಜಾಲರಿ) ಹಾಕಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಚ್ಚಿ ಜಾಲರಿ ತೊಳೀರಿ.

ಎರಡನೇದು ಪೈಪಿನ ಏಟು. ಅರ್ಧ ಕಿಲೋಮೀಟರ್ ಉದ್ದದ ಪೈಪಿನಲ್ಲಿ ಓಡ್ತಿರೋ ನೀರನ್ನ ಕಾಲು ಸುತ್ತಿನ ನಲ್ಲಿ ಟಕ್ ಅಂತ ನಿಲ್ಲಿಸಿದರೆ ಆ ವೇಗವೆಲ್ಲ ಒತ್ತಡವಾಗಿ ಹಿಂದಕ್ಕೆ ಬಡಿಯುತ್ತೆ. ಗೋಡೆಯೊಳಗೆ ಢಣ್ ಅನ್ನೋ ಸದ್ದು ಅದೇ. ದಿನಾ ಹೀಗಾದರೆ ಪಿವಿಸಿ ಜಾಯಿಂಟ್ ಬಿಡುತ್ತೆ, ನಲ್ಲಿಗೆ ಬೈದು ಏನು ಮಾಡೋದು. ನಿಧಾನ ಮುಚ್ಚೋ ವಾಷರ್ ನಲ್ಲಿ ಇಲ್ಲೂ ವಾಸಿ. ಇನ್ನೂ ಒಳ್ಳೇದು ಮನೆ ಪಕ್ಕದಲ್ಲೇ ಎತ್ತರದ ಜಾಗದಲ್ಲಿ ಒಂದು ಟ್ಯಾಂಕ್ ಇಟ್ಟು, ಗುಡ್ಡದ ನೀರನ್ನ ಅದಕ್ಕೆ ಬಿಟ್ಟು, ಅಲ್ಲಿಂದ ಮನೆಗೆ ಲೈನ್ ಕೊಡೋದು. ಒತ್ತಡ ಅಲ್ಲೇ ಮುರಿಯುತ್ತೆ, ಮರಳೂ ತಳಕ್ಕೆ ಕೂರುತ್ತೆ.


ಕಡೂರು ಬೋರ್ ನೀರು:

ಬೋರ್ ನೀರು ಸೇರುತ್ತೆ ಅಂದಿದ್ದೀರಿ, ಆದ್ದರಿಂದ ಇದು ನಿಮಗೂ ಅನ್ವಯ. ಕಡೂರು, ಬೀರೂರು, ಅರಸೀಕೆರೆ ಕಡೆ ಬೋರ್ ನೀರು ಗಡಸು, ನಲ್ಲಿ ಕೆಡೋದು ಹೆಚ್ಚಾಗಿ ಬಿಳಿ ಉಪ್ಪು ಕಟ್ಟಿ. ತುದಿಯ ಜಾಲರಿ ಮೊದಲು ಕಟ್ಟಿಕೊಳ್ಳುತ್ತೆ. ನೀರು ಸಣ್ಣಗೆ ಬರ್ತಿದೆ, ಪಕ್ಕಕ್ಕೆ ಸೀಳಿ ಹಾರ್ತಿದೆ ಅಂದರೆ ನಲ್ಲಿ ಕೆಟ್ಟಿಲ್ಲ, ಜಾಲರಿ ಬಿಚ್ಚಿ ವಿನೆಗರ್‌ನಲ್ಲೋ ನಿಂಬೆರಸದಲ್ಲೋ ರಾತ್ರಿ ನೆನೆಸಿ ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಉಜ್ಜಿ. ಬಾತ್‌ರೂಮ್ ತೊಳೆಯೋ ಆಸಿಡ್ ಮಾತ್ರ ನಲ್ಲಿ ಹತ್ತಿರ ತರಬೇಡಿ. ಅದರ ಆವಿಗೇ ಕ್ರೋಮ್ ಕಪ್ಪಾಗುತ್ತೆ, ಒಂದು ಸಲ ಕ್ರೋಮ್ ತೂತಾದರೆ ಕೆಳಗಿನ ಹಿತ್ತಾಳೆ ಹಸಿರುಗಟ್ಟೋದು ಶುರು. ನಿಮ್ಮ ಹಳೇ ನಲ್ಲಿಗೆ ಆಗಿರೋದು ಅದೇ ಇರಬಹುದು. ಉಜ್ಜೋ ಹಸಿರು ಸ್ಕ್ರಬ್ಬರ್ ಕೂಡ ಬೇಡ, ಬಟ್ಟೆಯಲ್ಲಿ ಒರೆಸಿ.

ಹಿಡಿ ಬಿಗಿಯಾದರೆ ಬಲ ಹಾಕಿ ತಿರುಗಿಸಬೇಡಿ. ಸ್ಪಿಂಡಲ್ ಬಿಚ್ಚಿ ವಿನೆಗರ್‌ನಲ್ಲಿ ಅರ್ಧ ಗಂಟೆ ಇಟ್ಟು, ತೊಳೆದು, ಓ-ರಿಂಗ್‌ಗೆ ಸಿಲಿಕಾನ್ ಗ್ರೀಸ್ ಹಚ್ಚಿ. ಕೊಬ್ಬರಿ ಎಣ್ಣೆ ಅಂಟಾಗಿ ಧೂಳು ಹಿಡಿಯುತ್ತೆ, ಗಾಡಿ ಗ್ರೀಸಿಗೆ ರಬ್ಬರ್ ಉಬ್ಬುತ್ತೆ.


ಚಿಕ್ಕಮಗಳೂರು ಕೋಟೆ:

ಪ್ರಶ್ನೆಗೆ ನೇರ ಸಂಬಂಧ ಇಲ್ಲ, ಆದರೂ ಬಿಸಿನೀರು ಪಾಯಿಂಟ್ ಮುಂದೆ ಎಳೆಸೋ ಯೋಚನೆ ಇದ್ದವರಿಗೆ. ಗೋಡೆಗೆ ಹಾಕೋ ಸಿಂಕ್ ಮಿಕ್ಸರ್‌ಗೆ ಎರಡು ಪಾಯಿಂಟಿನ ಮಧ್ಯದಿಂದ ಮಧ್ಯಕ್ಕೆ 150 ಎಂಎಂ ಇರಬೇಕು. ಐದಾರು ಎಂಎಂ ಹೆಚ್ಚುಕಮ್ಮಿ ಆದರೆ ಜೊತೆಗೆ ಬರೋ ಸೊಟ್ಟ ಕಾಲುಗಳನ್ನ ತಿರುಗಿಸಿ ಸರಿ ಮಾಡಬಹುದು, ಇಂಚುಗಟ್ಟಲೆ ತಪ್ಪಿದರೆ ಆಗಲ್ಲ. ಬಿಸಿ ಲೈನಿಗೆ ಬಿಸಿ ತಡೆಯೋ ಸಿಪಿವಿಸಿ ಪೈಪ್, ಮಾಮೂಲಿ ಯುಪಿವಿಸಿ ಅಲ್ಲ. ಸೋಲಾರ್ ನೀರು ಬೇಸಿಗೆಯಲ್ಲಿ 60 ಡಿಗ್ರಿ ದಾಟುತ್ತೆ, ಯುಪಿವಿಸಿ ಮೆತ್ತಗಾಗುತ್ತೆ. ಇನ್ನೊಂದು, ಸೋಲಾರ್ ಕೂಡ ತಣ್ಣೀರಿನ ಟ್ಯಾಂಕಿನಿಂದಲೇ ನೀರು ತಗೋಬೇಕು. ತಣ್ಣೀರು ಪಂಪಿನಿಂದ, ಬಿಸಿನೀರು ಟ್ಯಾಂಕಿನಿಂದ ಬಂದರೆ ಒತ್ತಡ ಹೆಚ್ಚಿರೋ ತಣ್ಣೀರು ಮಿಕ್ಸರ್ ಒಳಗಿಂದಲೇ ಬಿಸಿ ಲೈನಿಗೆ ನುಗ್ಗುತ್ತೆ.


ಸಾಲಗಾಮೆ ರಸ್ತೆ:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿವರ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಸ್ಪ್ರೇಯದು ಬಿಟ್ಟೆವು. ಹಿತ್ತಾಳೆಯದೇ ತಗೊಳ್ಳೋದು, ಉದ್ದ ಮೂತಿ, ಲಿವರ್ ಹಿಡಿ.

ಜಾಲರಿ ಬಿಚ್ಚಿ ಒಂದು ಲೀಟರ್ ಜಗ್ ಹಿಡಿದರೆ 8 ಸೆಕೆಂಡಿಗೆ ತುಂಬುತ್ತೆ. ಇದು ಸಾಕಾ? ಗೋಡೆ ಬುಡದ ಬಿಲ್ಲೆ ಸರಿಸಿ ನೋಡಿದೆ, ಒಳಗಿನ ಹಿತ್ತಾಳೆ ಎಲ್ಬೋ ಟೈಲ್ಸ್ ಮಟ್ಟಕ್ಕಿಂತ ಸುಮಾರು ಮುಕ್ಕಾಲು ಇಂಚು ಒಳಗಿದೆ. ತಾರಸಿ ಮೇಲಿನ ಗೇಟ್ ವಾಲ್ ಪೂರ್ತಿ ಮುಚ್ಚಿದರೂ ಸಣ್ಣಗೆ ನೀರು ಬರ್ತಾನೇ ಇದೆ. ಹೀಗಿದ್ದಾಗ ನಾವೇ ಬಿಚ್ಚೋದು ಸರಿನಾ?


ಕಟ್ಟಿನಕೆರೆ ಫಿಟ್ಟರ್:

8 ಸೆಕೆಂಡಿಗೆ ಲೀಟರ್ ಅಂದರೆ ನಿಮಿಷಕ್ಕೆ ಏಳೂವರೆ ಲೀಟರ್. ಸಿಂಕಿಗೆ ಧಾರಾಳ. ಹೊಸ ನಲ್ಲಿಯ ಜಾಲರಿ ಹಾಕಿದ ಮೇಲೆ ತೀರಾ ಕಮ್ಮಿ ಅನ್ನಿಸಿದರೆ ಕಮ್ಮಿ ಒತ್ತಡದ ಜಾಲರಿ ಕೇಳಿ ಹಾಕಿ, ನಲ್ಲಿಯದು ತಪ್ಪಲ್ಲ.

ಗೇಟ್ ವಾಲ್ ಬಗ್ಗೆ: ಹಳೇದಾದರೆ ಅದರ ಬಾಗಿಲಿನ ತಳದಲ್ಲಿ ಉಪ್ಪು ಕೂತು ಪೂರ್ತಿ ಮುಚ್ಚಲ್ಲ. ಬಲ ಹಾಕಿ ಬಿಗಿ ಮಾಡಬೇಡಿ, ಕಡ್ಡಿ ಮುರಿದರೆ ಇಡೀ ಮನೆ ನೀರು ನಿಲ್ಲುತ್ತೆ. ಅದೇ ಲೈನಿನಲ್ಲಿ ಸಿಂಕಿಗಿಂತ ಕೆಳಗಿರೋ ಒಂದು ನಲ್ಲಿ, ಬಚ್ಚಲಿನದೋ ಹೊರಗಿನದೋ, ಪೂರ್ತಿ ತೆರೆದು ಬಿಡಿ. ಸೋರೋ ನೀರೆಲ್ಲ ಅಲ್ಲಿ ಇಳಿದು ಹೋಗುತ್ತೆ, ಸಿಂಕಿನ ಎಲ್ಬೋ ಒಣಗಿರುತ್ತೆ. ಮುಂದೆ ಬಿಡುವಾದಾಗ ಆ ಗೇಟ್ ವಾಲ್ ತೆಗೆಸಿ ಬಾಲ್ ವಾಲ್ ಹಾಕಿಸಿ.

ಬಿಚ್ಚುವಾಗ ಮೂತಿ ಹಿಡಿದು ತಿರುಗಿಸಬೇಡಿ. ಗೋಡೆ ಹತ್ತಿರದ ಬಾಡಿಗೆ ಬಟ್ಟೆ ಸುತ್ತಿ ಪೈಪ್ ರೆಂಚ್ ಹಾಕಿ ಎಡಕ್ಕೆ, ಜರ್ಕ್ ಕೊಡದೆ ನಿಧಾನಕ್ಕೆ ಬಲ ಹೆಚ್ಚಿಸ್ತಾ ತಿರುಗಿಸಿ. ಮುಖ್ಯವಾಗಿ ಒಂದು ಕಣ್ಣು ಎಲ್ಬೋ ಮೇಲಿರಲಿ. ನಲ್ಲಿ ಜೊತೆ ಎಲ್ಬೋನೂ ತಿರುಗೋಕೆ ಶುರುವಾದರೆ ತಕ್ಷಣ ನಿಲ್ಲಿಸಿ ಪ್ಲಂಬರನ್ನ ಕರೀರಿ. ಗೋಡೆಯೊಳಗೆ ಪೈಪ್ ತಿರುಚಿಕೊಂಡರೆ ಟೈಲ್ಸ್ ಒಡೆಯದೆ ಬೇರೆ ದಾರಿ ಇಲ್ಲ. ಇಷ್ಟು ಎಚ್ಚರ ಇದ್ದರೆ ನೀವೇ ಮಾಡಬಹುದು.

ಮುಕ್ಕಾಲು ಇಂಚು ಒಳಗಿದೆ ಅಂದರೆ ಎಕ್ಸ್‌ಟೆನ್ಷನ್ ನಿಪ್ಪಲ್ (ಎಲ್ಬೋಗೂ ನಲ್ಲಿಗೂ ಮಧ್ಯೆ ಹಾಕೋ ಥ್ರೆಡ್ಡಿನ ತುಂಡು) ಬೇಕೇ ಬೇಕು. ನಲ್ಲಿಯ ಥ್ರೆಡ್ ಅಷ್ಟು ದೂರ ಮುಟ್ಟಲ್ಲ, ಎರಡು ಸುತ್ತು ಹಿಡಿದರೆ ಹಿಡಿದಂಗೆ ಕಾಣುತ್ತೆ, ಮೂತಿ ತಿರುಗಿಸಿ ತಿರುಗಿಸಿ ಸಡಿಲ ಆಗುತ್ತೆ. ಅರ್ಧ ಇಂಚು ಥ್ರೆಡ್ಡಿನ, 1 ಇಂಚು ಉದ್ದದ ಹಿತ್ತಾಳೆ ನಿಪ್ಪಲ್ ತಗೊಳ್ಳಿ. ಕಾಲು ಇಂಚು ಟೈಲ್ಸಿನಿಂದ ಹೊರಗೆ ಬರುತ್ತೆ, ಆಳವಾದ ಬಟ್ಟಲಿನ ಥರದ ಫ್ಲ್ಯಾಂಜ್ (ಗೋಡೆ ಬುಡದ ಬಿಲ್ಲೆ) ಅದನ್ನ ಮುಚ್ಚುತ್ತೆ. 2 ಇಂಚಿನದು ಹಾಕಿ ಮೂತಿ ಇನ್ನಷ್ಟು ಮುಂದೆ ಬರಲಿ ಅನ್ನೋ ಆಸೆ ಬೇಡ, ಭಾರವೆಲ್ಲ ಎಲ್ಬೋ ಮೇಲೆ ಬೀಳುತ್ತೆ. ಮೂತಿ ಉದ್ದ ಬೇಕಾದರೆ ನಲ್ಲಿಯಲ್ಲೇ ಉದ್ದ ಇರೋದು ಆರಿಸಿ.

ಎಲ್ಬೋ ಒಳಗಿನ ಹಳೇ ಟೇಪ್ ಚೂರುಗಳನ್ನ ಬ್ರಷ್ ಹಾಕಿ ತೆಗೆದು ಒರೆಸಿ. ಟೇಪ್ ಸುತ್ತದೆ ನಿಪ್ಪಲನ್ನ ಕೈಯಲ್ಲೇ ತಿರುಗಿಸಿ ನೋಡಿ, ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು. ಮೊದಲ ಸುತ್ತಿಗೇ ಬಿಗಿಯಾದರೆ ಥ್ರೆಡ್ ಅಡ್ಡ ಹತ್ತಿದೆ, ತೆಗೆದು ಮತ್ತೆ ನೇರ ಹಿಡಿದು ಹಾಕಿ. ಆಮೇಲೆ ಟೆಫ್ಲಾನ್ ಟೇಪ್. ಥ್ರೆಡ್ ತುದಿ ನಿಮ್ಮ ಮುಖಕ್ಕಿರೋ ಹಾಗೆ ಹಿಡಿದು ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ, ಎಳೆದು ಎಳೆದು ಸುತ್ತಿ. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಂಡು ಹೋಗುತ್ತೆ. ನಮ್ಮಲ್ಲಿ ಸಿಗೋ ತೆಳು ಟೇಪಿಗೆ 12ರಿಂದ 15 ಸುತ್ತು, ದಪ್ಪ ಟೇಪಿಗೆ 7–8 ಸಾಕು. ತುದಿಯ ಮೊದಲ ಥ್ರೆಡ್ ಬಿಟ್ಟು ಸುತ್ತಿ, ಇಲ್ಲದಿದ್ದರೆ ಚೂರು ಕಿತ್ತು ಹೊಸ ಸ್ಪಿಂಡಲಿಗೆ ಹೋಗಿ ಕೂರುತ್ತೆ. ಎಲ್ಬೋ ಹಿತ್ತಾಳೆ ಆದ್ದರಿಂದ ಸ್ವಲ್ಪ ಬಿಗಿ ತಡೆಯುತ್ತೆ. ಪ್ಲಾಸ್ಟಿಕ್ ಥ್ರೆಡ್ಡಿನ ಎಲ್ಬೋ ಆಗಿದ್ದರೆ ಹೆಚ್ಚು ಟೇಪ್ ತುರುಕಿದರೆ ಸೀಳುತ್ತೆ.

ನಿಪ್ಪಲ್ ಒಳಗೆ ಆರು ಮೂಲೆಯ ಕಿಂಡಿ ಇದ್ದರೆ ಅಲೆನ್ ಕೀ ಹಾಕಿ ಬಿಗಿ ಮಾಡಿ. ಇದು ಚೆನ್ನಾಗಿ ಬಿಗಿಯಾಗಿರಬೇಕು, ಯಾಕಂದರೆ ನಲ್ಲಿ ತಿರುಗಿಸುವಾಗ ಸಡಿಲ ನಿಪ್ಪಲ್ಲೂ ಜೊತೆಗೆ ತಿರುಗುತ್ತೆ. ಈಗ ನಿಪ್ಪಲ್ ಬಾಯಿಗೆ ಬೆರಳು ಅಡ್ಡ ಹಿಡಿಯದೆ, ಕೆಳಗೆ ಬಕೆಟ್ ಇಟ್ಟು, ಯಾರಾದರೂ ಮೇಲಿನ ವಾಲ್ ಅರ್ಧ ನಿಮಿಷ ತೆರೆಯಲಿ. ಪೈಪಿನಲ್ಲಿ ಕದಲಿದ ಉಪ್ಪು, ಕಸ ಹೊರಗೆ ಬೀಳುತ್ತೆ. ಹೊಸ ಸೆರಾಮಿಕ್ ಸ್ಪಿಂಡಲ್ ಮೊದಲ ವಾರವೇ ಸೋರೋಕೆ ಶುರುವಾಗೋದು ಹೆಚ್ಚಾಗಿ ಈ ಕಸದಿಂದ, ಮೂಡಿಗೆರೆಯವರು ಹೇಳಿದ ಗೀರು ಇದೇ.

ನಲ್ಲಿಗೆ ಟೇಪ್ ಸುತ್ತೋ ಮೊದಲು ಫ್ಲ್ಯಾಂಜ್ ಹಾಕಿ, ಇದನ್ನ ಮರೆತು ಎಲ್ಲ ಮುಗಿದ ಮೇಲೆ ಮತ್ತೆ ಬಿಚ್ಚೋರು ಬಹಳ ಜನ. ತಿರುಗಿಸ್ತಾ ಹೋಗಿ, ಬಿಗಿ ಬಂದಾಗ ಹಿಡಿ ನೇರ ಮೇಲಕ್ಕೆ ಬರಬೇಕು. ಸ್ವಲ್ಪ ದಾಟಿ ಹೋಯ್ತು ಅಂತ ಹಿಂದಕ್ಕೆ ತಿರುಗಿಸಬೇಡಿ. ಟೇಪ್ ಒಳಗೆ ಹರಿದಿರುತ್ತೆ, ಅವತ್ತು ಸೋರದಿದ್ದರೂ ನಾಲ್ಕು ದಿನಕ್ಕೆ ಸೋರುತ್ತೆ. ಪೂರ್ತಿ ಬಿಚ್ಚಿ, ಹಳೇ ಟೇಪ್ ತೆಗೆದು, ಮೂರು ನಾಲ್ಕು ಸುತ್ತು ಹೆಚ್ಚಿಗೆ ಹಾಕಿ ಮತ್ತೆ ತಿರುಗಿಸಿ. ಮೂತಿಯ ಜಾಲರಿ ಬಿಚ್ಚಿಟ್ಟು ಒಂದು ನಿಮಿಷ ನೀರು ಬಿಟ್ಟು ಆಮೇಲೆ ಜಾಲರಿ ಕೈಯಲ್ಲೇ ಹಾಕಿ, ರೆಂಚ್ ಬೇಡ.

ಪರೀಕ್ಷೆಗೆ ಫ್ಲ್ಯಾಂಜ್ ಸರಿಸಿ ನಿಪ್ಪಲ್ ಸುತ್ತ ಒಣ ಟಿಶ್ಯೂ ಸುತ್ತಿ, ಮೇಲಿನ ವಾಲ್ ಪೂರ್ತಿ ತೆರೆದು, ನಲ್ಲಿ ಮುಚ್ಚಿ ಒಂದು ಗಂಟೆ ಬಿಡಿ. ಒಂದು ಚುಕ್ಕೆ ಒದ್ದೆಯಾದರೂ ಬಿಚ್ಚಿ ಮತ್ತೆ ಮಾಡಿ. ಒಣಗಿದ್ದರೆ ಫ್ಲ್ಯಾಂಜನ್ನ ಟೈಲ್ಸಿಗೆ ಒತ್ತಿ ಮೇಲೆ ಮತ್ತು ಎರಡೂ ಪಕ್ಕ ಸಿಲಿಕಾನ್ ಹಚ್ಚಿ, ಪಾತ್ರೆ ತೊಳೆದ ನೀರು ಗೋಡೆಗೆ ಇಳಿಯಬಾರದು. ಕೆಳಗಡೆ ಅರ್ಧ ಇಂಚು ಜಾಗ ಹಚ್ಚದೆ ಬಿಡಿ. ಒಳಗಿನ ಜಾಯಿಂಟ್ ಯಾವತ್ತಾದರೂ ಸೋರಿದರೆ ಆ ಸಂದಿನಿಂದ ನೀರು ಹೊರಗೆ ಬಂದು ಕಾಣುತ್ತೆ. ಸುತ್ತ ಮುಚ್ಚಿಬಿಟ್ಟರೆ ಅದು ಗೋಡೆಯೊಳಗೇ ಇಳಿದು, ಪಕ್ಕದ ಕೋಣೆಯ ಬಣ್ಣ ಏಳೋವರೆಗೂ ಗೊತ್ತಾಗಲ್ಲ.